ಬ್ರೇಕಕ್ಕನ ಇಲ್ಲದ ಪಿತ್ತಕೋಶ

ನಮ್ಮ ಪೇಟೆಯಲ್ಲಿ ಕಾರು ಓಡಿಸುವವರಲ್ಲಿ ಅರ್ಧದಷ್ಟು ಜನ ಬ್ರೇಕಕ್ಕನ ಹತ್ತಿರ ಕಲಿತವರು. ಉಳಿದವರೂ ಅಲ್ಲೇ ಕಲಿಯಬೇಕಿತ್ತು ಎನ್ನುವುದು ಅವರು ತಿರುವಿನಲ್ಲಿ ಕಾರು ತಿರುಗಿಸುವ ಚಂದ ನೋಡಿದರೇ ಗೊತ್ತಾಗುತ್ತದೆ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕು ಇರುತ್ತದಲ್ಲ, ಅಕ್ಕನ ಪಾದ ಸದಾ ಅದರ ಮೇಲೆಯೇ. ಕಲಿಯುವವರು ಎಷ್ಟೇ ಹುರುಪಿನಿಂದ ಹೊರಟರೂ ಆ ಪಾದ ಒಂದು ಚೂರು ಒತ್ತಿದರೆ ಹುರುಪೆಲ್ಲ ಇಳಿದುಹೋಗುತ್ತಿತ್ತು. ಹಾಗಾಗಿ ಆ ಹೆಸರು. ನಾನು ಕಾರು ಕಲಿತದ್ದೂ ಅವರ ಹತ್ತಿರವೇ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಕಾರಣ ಅವರ ಪಕ್ಕದಲ್ಲಿ ಕೂತದ್ದು ಉಳಿದವರಿಗಿಂತ ಜಾಸ್ತಿ. ಅದಕ್ಕೇ ಈ ಕತೆಯಲ್ಲಿ ಅರ್ಧ ನಾನು ಕೇಳಿದ್ದು, ಅರ್ಧ ಕಣ್ಣಾರೆ ಕಂಡದ್ದು.

"ಕನ್ನಡಿ!" ಎಂದು ಅಕ್ಕ ಕೂಗುತ್ತಿದ್ದರು.

"ನೋಡಿದೆ ಅಕ್ಕ."

"ನೋಡಿದೆ ಅಂತ ಹೇಳ್ಬೇಡ. ಏನು ಕಾಣಿಸ್ತು ಅಂತ ಹೇಳು."

ಇಷ್ಟು ಜೋರಿನ ಹೆಂಗಸಿಗೆ ಗಂಡನಾಗಿ ಸಿಕ್ಕವರು ಬೆಣ್ಣೆಯಂಥ ಮನುಷ್ಯ. ಲೈಸೆನ್ಸ್ ಕೊಡುವ ಕಚೇರಿಯ ಎದುರಿಗೆ ಅವರದು ಜೆರಾಕ್ಸ್ ಅಂಗಡಿ. ಅಕ್ಕನ ಗಂಡ ಎಂದಮೇಲೆ ನಮಗೆಲ್ಲ ಭಾವ ತಾನೆ? ಹಾಗಾಗಿ ಜೆರಾಕ್ಸ್ ಭಾವ. ಪೇಟೆಯ ಜನರ ಅಂಕಪಟ್ಟಿ, ಮನೆಪತ್ರ, ಕೋರ್ಟಿನ ಕಾಗದ ಎಲ್ಲವೂ ಅವರ ಮೆಷಿನ್ನಿನ ಹೊಟ್ಟೆಯೊಳಗೆ ಹೊಕ್ಕು ಹೊರಬಂದವೇ. ಅಚ್ಚಾದದ್ದೆಲ್ಲ ಸತ್ಯ ಎಂದು ಭಾವ ನಂಬಿದ್ದರು. ಅದನ್ನು ಓದುವ ಅಭ್ಯಾಸ ಮಾತ್ರ ಇರಲಿಲ್ಲ.

ಅವತ್ತು ಅಕ್ಕ ನನಗೆ ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಎತ್ತುವುದನ್ನು ಕಲಿಸುತ್ತಿದ್ದರು. ನಾನು ಗಾಡಿಯನ್ನು ಹಿಂದಕ್ಕೆ ಜಾರಿಸಿದ್ದೇ ತಡ, ಎಂದಿನಂತೆ ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಅಕ್ಕ ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯೊತ್ತಿಕೊಂಡು ಮುಖ ಹಿಂಡಿಕೊಂಡಿದ್ದರು. ಹಣೆಯ ಮೇಲೆ ಬೆವರು.

"ಏನಾಯ್ತಕ್ಕ?"

"ಏನಿಲ್ಲ. ಹೊಟ್ಟೆ ಹಿಡ್ಕೊಳ್ತು. ನೀನು ಹ್ಯಾಂಡ್‌ಬ್ರೇಕ್ ಹಾಕು ಮೊದ್ಲು."

ಅದೇ ಮೊದಲೇನಲ್ಲವಂತೆ. ಕರಿದದ್ದು ತಿಂದರೆ ಸಾಕು, ಯಾರೋ ಒಳಗೆ ಮುಷ್ಟಿ ಕಟ್ಟಿ ಹಿಂಡಿದ ಹಾಗಾಗಿ, ನೋವು ಬೆನ್ನಿಗೂ ಹೊಡೆಯುತ್ತಿತ್ತಂತೆ. ಕೊನೆಗೆ ಭಾವನ ತಾಯಿ, ಅಂದರೆ ತಮ್ಮ ಅತ್ತೆಯ ಒತ್ತಾಯಕ್ಕೆ ಆಸ್ಪತ್ರೆಗೆ ಹೋದರು. ಆರೇಳು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆಸಿಕೊಂಡಿದ್ದ ಆಸ್ಪತ್ರೆಯೇ. ಅಷ್ಟರಲ್ಲಿ ಅದು ಬೆಳೆದು ಬೇರೆಯೇ ಆಗಿತ್ತು. ಮುಂದುಗಡೆ ಪೂರಾ ಗಾಜು, ಒಳಗೆ ಗೋಡೆಯ ಮೇಲೆ ಇಳಿಯುವ ನೀರು, ಕಾಫಿ ಅಂಗಡಿ, ಸೂಟು ತೊಟ್ಟು ನಿಂತ ಹುಡುಗಿಯರು. ಹೋದವರಿಗೆ ಚಿಕಿತ್ಸೆ ಕೊಡುತ್ತಾರೋ, ವಿಮಾನ ಹತ್ತಿಸಿ ಕಳಿಸುತ್ತಾರೋ ಎಂದು ಅನುಮಾನ ಬರುವ ಹಾಗಿತ್ತು.

ಹೊಟ್ಟೆ ಡಾಕ್ಟರು ಅಕ್ಕನ ಮುಖ ನೋಡಲಿಲ್ಲ. ಕಂಪ್ಯೂಟರಿನ ಮುಖ ನೋಡಿದರು.

"ಎಲ್ಲಿ ನೋವು?"

"ಇಲ್ಲಿ. ಬಲಗಡೆ, ಪಕ್ಕೆ ಕೆಳಗೆ. ಊಟ ಆದ್ಮೇಲೆ ಜಾಸ್ತಿ."

"ಪಿತ್ತಕೋಶದ ನೋವು ಹಾಗಿರುತ್ತೆ. ಆದ್ರೆ ನಿಮಗೆ ಪಿತ್ತಕೋಶವೇ ಇಲ್ಲವಲ್ಲಮ್ಮ."

"ನನಗಾ? ಯಾಕಿಲ್ಲ?"

"ಇಲ್ಲೇ ತೆಗೆದಿದ್ದೀವಿ. ಸಿಸ್ಟಮ್‌ನಲ್ಲಿದೆ."

"ಡಾಕ್ಟ್ರೇ, ನನಗೆ ತೆಗೆದದ್ದು ಅಪೆಂಡಿಕ್ಸ್. ಗಾಯದ ಗುರುತು ಇಲ್ಲಿ ಕೆಳಗಿದೆ ನೋಡಿ."

ಡಾಕ್ಟರು ಅರೆಗಳಿಗೆ ಕಣ್ಣು ಹೊರಳಿಸಿ ಮತ್ತೆ ಪರದೆಗೆ ಮರಳಿದರು. "ಗಾಯದ ಗುರುತು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತೆ. ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿ."

ಸ್ಕ್ಯಾನ್ ಕೋಣೆಯಲ್ಲಿದ್ದ ಡಾಕ್ಟರಿಗೆ ಆ ಹೊತ್ತಿಗೆ ತಮ್ಮ ಹೊಸ ಮನೆಯ ಬಚ್ಚಲಿಗೆ ಎಂಥ ಟೈಲ್ಸ್ ಹಾಕಿಸಬೇಕೆಂಬ ಚಿಂತೆ ಹತ್ತಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಅಕ್ಕನ ಹೊಟ್ಟೆ. "ಜಾರದೇ ಇರೋದು ಬೇಕು ರೀ, ಜಾರದೇ ಇರೋದು" ಎನ್ನುತ್ತ ತಣ್ಣನೆಯ ಅಂಟಿನ ಮೇಲೆ ಯಂತ್ರವನ್ನು ಜಾರಿಸಿದರು. ನಡುವೆ ಸಹಾಯಕಿಯತ್ತ ತಿರುಗಿ, "ಹಳೇದು ಏನಿದೆ?" ಎಂದರು. ಆಕೆ, "ಪಿತ್ತಕೋಶ ತೆಗೆದಿದೆ ಸರ್" ಎಂದಳು. ಅಲ್ಲಿಗೆ ಮುಗಿಯಿತು. ವರದಿ ಬಂತು: ಪಿತ್ತಕೋಶ ಕಾಣಿಸಲಿಲ್ಲ, ಹಿಂದೆ ತೆಗೆಯಲಾಗಿದೆ, ಉಳಿದಂತೆ ಎಲ್ಲ ಸರಿ.

ಹೊಟ್ಟೆ ಡಾಕ್ಟರು ಗ್ಯಾಸಿಗೆ ಮಾತ್ರೆ ಬರೆದರು. ಎರಡನೇ ಸಲ ಹೋದಾಗ ನಿದ್ದೆಗೂ ಒಂದು ಬರೆದು, "ಮನಸ್ಸಿಗೆ ಹಚ್ಕೋಬೇಡಿ" ಎಂದು ಬುದ್ಧಿ ಹೇಳಿದರು. ಹೆಂಗಸರ ನೋವಿಗೆ ಕಾರಣ ಸಿಗದೇ ಹೋದರೆ ಅದು ಮನಸ್ಸಿಗೆ ವರ್ಗಾವಣೆಯಾಗುವುದು ಬಹಳ ಸಲೀಸು.

ಮನೆಯಲ್ಲೂ ಅಕ್ಕನ ಪರ ವಾದಿಸುವವರು ಇರಲಿಲ್ಲ.

"ಅಷ್ಟು ದೊಡ್ಡ ಬಿಲ್ಡಿಂಗು. ಅವರು ತಪ್ಪು ಹೇಳ್ತಾರಾ?" ಎಂದರು ಭಾವ.

ಅತ್ತೆ ಮೂಗು ಮುರಿದರು. "ನಿನ್ನ ಹೊಟ್ಟೇಲಿ ಏನಿದೆ ಏನಿಲ್ಲ ಅಂತ ನಿನಗೇ ಗೊತ್ತಿಲ್ವಲ್ಲೇ. ಊರಿಗೆಲ್ಲ ಕನ್ನಡಿ ನೋಡಿ ಅಂತೀಯ."

"ಅವತ್ತು ಆಸ್ಪತ್ರೆಯಿಂದ ಬರೋವಾಗ ಒಂದು ಫೈಲು ಕೊಟ್ಟಿದ್ರಲ್ಲ, ನೀಲಿ ಬಣ್ಣದ್ದು, ಎಲ್ಲಿದೆ?" ಎಂದು ಅಕ್ಕ ಗಂಡನನ್ನು ಕೇಳಿದರು. "ಜೆರಾಕ್ಸ್ ಮಾಡಿಡಿ ಅಂತ ನಿಮ್ಮ ಕೈಗೇ ಕೊಟ್ಟಿದ್ದೆ."

ಭಾವ ಕನ್ನಡಕ ತೆಗೆದು ಒರೆಸತೊಡಗಿದರು. ಜೆರಾಕ್ಸ್ ಅಂಗಡಿಯವರಿಗೆ ಒಂದು ಕಡೆ ಖಾಲಿಯಿರುವ ಕಾಗದ ಕಂಡರೆ ಪ್ರಾಣ. ಮೆಷಿನ್ನಿಗೆ ಹೊಸ ಶಾಯಿಪುಡಿ ತುಂಬಿದಾಗ ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ಬೇಕಾಗುತ್ತದೆ. ಫೈಲು ಅಂಗಡಿಗೆ ಹೋದದ್ದು ನಿಜ. ನಕಲು ನಾಳೆ ಮಾಡಿದರಾಯಿತೆಂದು ಮೆಷಿನ್ನಿನ ಪಕ್ಕ ಇಟ್ಟದ್ದೂ ನಿಜ. ಆಮೇಲೆ ಒಂದೊಂದೇ ಹಾಳೆ ಯಾರ್ಯಾರದೋ ಬಾಡಿಗೆ ಪತ್ರದ ಅರ್ಧಂಬರ್ಧ ಪ್ರತಿ ಹೊತ್ತು ಕಸದ ಬುಟ್ಟಿ ಸೇರಿತ್ತು. ಪೇಟೆಗೆಲ್ಲ ನಕಲು ಮಾಡಿಕೊಡುವ ಮನುಷ್ಯನ ಮನೆಯಲ್ಲಿ ಹೆಂಡತಿಯ ಆಪರೇಷನ್ನಿನ ಒಂದೇ ಒಂದು ನಕಲಿರಲಿಲ್ಲ.

ಅಕ್ಕ ಬೈಯಲಿಲ್ಲ. ನನ್ನ ಮುಂದೆ ಹೇಳುವಾಗಲೂ ಬೈಯಲಿಲ್ಲ. "ಆ ಮನುಷ್ಯನ ಮುಖ ನೋಡ್ಬೇಕಿತ್ತು, ಹರಳೆಣ್ಣೆ ಕುಡಿದ ಹಾಗೆ" ಎಂದಷ್ಟೇ ಹೇಳಿ, ನಾನು ಗೇರ್ ತಪ್ಪು ಹಾಕಿದ್ದಕ್ಕೆ ಆ ಸಿಟ್ಟನ್ನೆಲ್ಲ ತೀರಿಸಿಕೊಂಡರು.

ಅತ್ತೆಯ ಮಂಡಿ ನೋಡುವ ಒಬ್ಬ ಡಾಕ್ಟರಮ್ಮ ಇದ್ದರು. ಹಳೇ ಬೀದಿಯಲ್ಲಿ, ಹೊಲಿಗೆ ಅಂಗಡಿಯ ಮೇಲೆ ಅವರ ಕ್ಲಿನಿಕ್ಕು. ನೀರಿಳಿಯುವ ಗೋಡೆ ಅಲ್ಲಿರಲಿಲ್ಲ. ಸೋರುವ ಗೋಡೆ ಇತ್ತು. ನೋವು ಮತ್ತೆ ಜೋರಾದಾಗ ಅತ್ತೆಯೇ ಸೊಸೆಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಹಳೇ ವರದಿ ಓದಿ, ಪಕ್ಕದ ಕೋಣೆಯಲ್ಲಿ ತಾವೇ ಸ್ಕ್ಯಾನ್ ಮಾಡಿದರು.

"ತೆಗೆದಿದ್ದಾರೆ ಅಂದ್ರಲ್ಲ, ಇದು ಇಲ್ಲೇ ಆರಾಮಾಗಿ ಕೂತಿದೆಯಲ್ಲಮ್ಮ! ಒಳಗೆ ಕಲ್ಲು ಬೇರೆ. ಒಂದೆರಡಲ್ಲ."

"ಮತ್ತೆ ಬೆಳ್ಕೊಂಡಿರ್ಬೇಕು" ಎಂದರು ಅತ್ತೆ ಬಾಗಿಲ ಹತ್ತಿರದಿಂದ. "ಉಗುರು ಬೆಳೆಯಲ್ವಾ?"

"ಉಗುರು ಬೆಳೆಯುತ್ತೆ ಅಜ್ಜಿ. ಇದು ಬೆಳೆಯಲ್ಲ." ಡಾಕ್ಟರಮ್ಮ ಕೈ ಒರೆಸಿಕೊಂಡರು. "ತೀರಾ ತಡ ಮಾಡ್ಬೇಡಿ. ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಕಷ್ಟ. ತೆಗೆಸಿಬಿಡಿ."

ಇರುವ ಅಂಗವೊಂದು ಇದೆ ಎಂದು ಗೊತ್ತಾದದ್ದಕ್ಕೆ ಅಕ್ಕನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅದು ಮನೆ ತಲುಪುವವರೆಗೂ ಉಳಿಯಲಿಲ್ಲ. ವಿಮೆಯ ಕಚೇರಿಗೆ ಫೋನು ಮಾಡಿದರೆ ಆ ಕಡೆಯ ದನಿ ಜೇನಿನಷ್ಟು ಸಿಹಿಯಾಗಿ ಹೇಳಿತು: "ಮೇಡಂ, ನಿಮ್ಮ ಪಿತ್ತಕೋಶ ತೆಗೆಸೋಕೆ ನಾವು ಆಗಲೇ ಹಣ ಕೊಟ್ಟಿದ್ದೀವಲ್ಲ. ಒಬ್ಬರಿಗೆ ಒಂದೇ ಸಲ."

"ಒಬ್ಬರಿಗೆ ಇರೋದೇ ಒಂದು ಸ್ವಾಮಿ. ಆ ಒಂದು ಇನ್ನೂ ನನ್ನ ಹತ್ರಾನೇ ಇದೆ."

"ಹಾಗಂತ ಮೊದಲ ಆಸ್ಪತ್ರೆಯವರು ಬರೆದುಕೊಡ್ಬೇಕು ಮೇಡಂ. ಅವತ್ತಿನ ದಾಖಲೆ ಪೂರ್ತಿ ತನ್ನಿ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಹೀಗೆ ಅಕ್ಕ ಮತ್ತೆ ಗಾಜಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಈ ಸಲ ಹೊಟ್ಟೆ ತೋರಿಸಲು ಅಲ್ಲ, ಕಾಗದ ಕೇಳಲು. ಹೊಟ್ಟೆ ತೋರಿಸಲು ಬಂದವರಿಗೆ ಅಲ್ಲಿ ಕುರ್ಚಿ ಕೊಡುತ್ತಿದ್ದರು. ಕಾಗದ ಕೇಳಲು ಬಂದವರಿಗೆ ಲಿಫ್ಟಿನ ದಾರಿಯನ್ನೂ ತೋರಿಸಲಿಲ್ಲ. ಕೇಳಿ ಕೇಳಿ ನೆಲಮಾಳಿಗೆಗೆ ಇಳಿದರೆ, ಮಾಸಿದ ಬೆಡ್‌ಶೀಟುಗಳ ರಾಶಿಯ ಪಕ್ಕದ ಕೋಣೆಯೇ ದಾಖಲೆ ವಿಭಾಗ. ಮೇಲಿನ ಮಹಡಿಗಳ ತಂಪು ಗಾಳಿ ಅಲ್ಲಿಗೆ ಇಳಿದು ಬರುತ್ತಿರಲಿಲ್ಲ. ಕಿಟಕಿಯಂಥ ಒಂದು ತೂತಿನ ಹಿಂದೆ ಅದರ ಅಧಿಕಾರಿ ಕೂತಿದ್ದ. ಅವನ ಬೆನ್ನ ಹಿಂದೆ ಕಬ್ಬಿಣದ ಕಪಾಟುಗಳು.

"ನನ್ನ ಹಳೇ ಆಪರೇಷನ್ ದಾಖಲೆ ಬೇಕಿತ್ತು."

"ಕೊಡೋಕೆ ಬರಲ್ಲಮ್ಮ. ಗುಟ್ಟಿನದು. ರೋಗಿಯ ಖಾಸಗಿ ವಿಷಯ."

"ನಾನೇ ರೋಗಿ."

"ಅದಕ್ಕೇ. ನಿಮ್ಮ ಗುಟ್ಟು ನಾವು ಕಾಪಾಡಬೇಕಲ್ಲ."

"ನನ್ನಿಂದಾನಾ?"

ಅಧಿಕಾರಿ ಈ ಪ್ರಶ್ನೆಯನ್ನು ಯಾರಿಂದಲೂ ಕೇಳಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಆಪರೇಷನ್ ಮಾಡಿದ ಡಾಕ್ಟರ ಒಪ್ಪಿಗೆ ತನ್ನಿ ಎಂದ. ಆ ಡಾಕ್ಟರು ಎಲ್ಲಿ? ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದರು. ಹಾಗಾದರೆ? ಹಾಗಾದರೆ ಮೇಲೆ ಮ್ಯಾನೇಜರಮ್ಮನನ್ನು ಕೇಳಿ.

ಮ್ಯಾನೇಜರಮ್ಮನಿಗೆ ನಗು ಸಂಬಳದ ಜೊತೆಗೇ ಬಂದಿತ್ತು. ಸಾವಿನ ಸುದ್ದಿಯನ್ನೂ ಅದೇ ನಗುವಿನಲ್ಲಿ ಹೇಳುತ್ತಿದ್ದರೋ ಏನೋ. "ನಿಮ್ಮ ಕಳಕಳಿ ನಮಗೆ ಅರ್ಥವಾಗುತ್ತೆ. ನಮ್ಮ ತಜ್ಞರ ಜೊತೆ ಮಾತಾಡಿದ್ದೀನಿ. ತೀರಾ ಅಪರೂಪಕ್ಕೆ ಪಿತ್ತಕೋಶ ಮತ್ತೆ ಬೆಳೆಯೋದುಂಟಂತೆ."

"ನಮ್ಮತ್ತೆನೂ ಹಾಗೇ ಅಂದ್ರು. ಅವರು ನಿಮ್ಮ ಹಾಗೆ ಫೀಸು ಕೇಳಲಿಲ್ಲ" ಎಂದು ಎದ್ದು ಬಂದರು ಅಕ್ಕ.

ಮಾರನೆಯ ದಿನದಿಂದ ನಮ್ಮ ಪಾಠದ ದಾರಿ ಬದಲಾಯಿತು. ಆಂಬುಲೆನ್ಸುಗಳದು ಹಿಂದಿನ ಗೇಟು, ಅತ್ತ ನಾವು ತಲೆ ಹಾಕಲಿಲ್ಲ. ಮುಂದಿನ ಗೇಟಿನಿಂದ ಗಾಜಿನ ಬಾಗಿಲವರೆಗೆ ಒಂದು ನುಣುಪಾದ ಏರಿತ್ತು, ಅತಿಥಿಗಳ ಕಾರಿಗೆಂದು ಮಾಡಿದ್ದು. "ಇದಕ್ಕಿಂತ ಒಳ್ಳೇ ಏರು ಎಲ್ಲಿ ಸಿಗುತ್ತೆ? ಇಲ್ಲೇ ಕಲೀರಿ" ಎಂದರು ಅಕ್ಕ. ಬೆಳಗಿನ ಪಾಠದವರು, ಸಂಜೆಯ ಪಾಠದವರು, ಎಲ್ಲರೂ ಆ ಏರಿನ ಮೇಲೆ ಗಾಡಿ ನಿಲ್ಲಿಸುವುದು, ಎತ್ತುವುದು, ಎಂಜಿನ್ ಆಫ್ ಮಾಡಿಕೊಂಡು ಒದ್ದಾಡುವುದು. ಪ್ರತಿ ಪಾಠದ ನಡುವೆ ಅಕ್ಕ ಇಳಿದು ಒಳಗೆ ಹೋಗಿ, "ನನ್ನ ಕಾಗದ ಬಂತಾ?" ಎಂದು ಕೇಳಿ ಬರುವುದು.

ಒಂದು ದಿನ ನಾನು ಏರಿನ ನಟ್ಟನಡುವೆ ಸಿಕ್ಕಿಕೊಂಡಿದ್ದಾಗ ಹಿಂದೆ ಒಂದು ಉದ್ದನೆಯ ಕಪ್ಪು ಕಾರು ಬಂದು ಹಾರ್ನ್ ಹೊಡೆಯತೊಡಗಿತು. ಆಸ್ಪತ್ರೆಯ ಅಧ್ಯಕ್ಷರದು. ಗಡಿಬಿಡಿಯಲ್ಲಿ ನಾನು ಮತ್ತೆ ಎಂಜಿನ್ ಆಫ್ ಮಾಡಿಕೊಂಡೆ. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಕಲಿಯೋರು ಸ್ವಾಮಿ! ಸ್ವಲ್ಪ ತಾಳ್ಮೆ ಇರಲಿ. ನಿಮ್ಮ ನೆಲಮಾಳಿಗೇಲಿ ನನಗೂ ಅದನ್ನೇ ಕಲಿಸ್ತಿದ್ದಾರೆ."

ಅಧ್ಯಕ್ಷರಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು. ಆದರೆ ಅಂದು ಮಧ್ಯಾಹ್ನ ಮ್ಯಾನೇಜರಮ್ಮ ತಾವಾಗಿಯೇ ಅಕ್ಕನನ್ನು ಕರೆಸಿ, ಸ್ವಾಗತ ಕೋಣೆಯ ಮೂಲೆಯ ಸೋಫಾ ತೋರಿಸಿ, ಕೂತಿರಿ ಎಂದರು. ಕೂತವರು ಕೂತೇ ಇದ್ದರು. ಸೋಫಾದ ಪಕ್ಕ ಆಳೆತ್ತರದ ಒಂದು ಪ್ಲಾಸ್ಟಿಕ್ ಗಿಡ. ಬೇಸರಕ್ಕೆ ಅದರ ಎಲೆ ಸರಿಸಿದರೆ ಹಿಂದೆ ಗೋಡೆಗೆ ಚೌಕಟ್ಟು ಹಾಕಿದ ಫಲಕ: 'ರೋಗಿಗಳ ಹಕ್ಕುಗಳು.' ಅಕ್ಕ ಗಿಡವನ್ನು ಅನಾಮತ್ತಾಗಿ ಎತ್ತಿ ಅತ್ತ ಇಟ್ಟರು. ಗೌರವದಿಂದ ನಡೆಸಿಕೊಳ್ಳುವುದು, ಅರ್ಥವಾಗುವ ಭಾಷೆಯಲ್ಲಿ ಹೇಳುವುದು, ಹೀಗೆ ಚಂದಚಂದದ ಮಾತುಗಳ ಕೆಳಗೆ ಒಂದು ಸಾಲು: ರೋಗಿಯು ಲಿಖಿತವಾಗಿ ಕೇಳಿದಲ್ಲಿ ತನ್ನ ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನು ಪಡೆಯಬಹುದು. ಕೆಳಗೆ ಅಧ್ಯಕ್ಷರ ಸಹಿ.

ಅಕ್ಕ ಫಲಕದ ಫೋಟೋ ತೆಗೆದುಕೊಂಡು ನೇರ ಭಾವನ ಅಂಗಡಿಗೆ ಬಂದರು. ಅರ್ಜಿ ಬರೆದರು. ನೋಡಲು ಸಿಂಪಲ್ಲಾಗಿತ್ತು: ಇಂಥವಳು ನಾನು, ಇಂಥ ವರ್ಷ ನಿಮ್ಮಲ್ಲಿ ಆಪರೇಷನ್ ಆಯಿತು, ಆ ಸಮಯದ ಎಲ್ಲ ಕಾಗದಗಳ ಪ್ರತಿ ಬೇಕು, ಒಂದು ಹಾಳೆಯೂ ಬಿಡದೆ. ಎರಡು ಪ್ರತಿ ಮಾಡಿಸಿ, ಫಲಕದ ಫೋಟೋ ಲಗತ್ತಿಸಿ, ನೆಲಮಾಳಿಗೆಗೆ ಇಳಿದರು.

"ಒಂದು ನಿಮಗೆ. ಇನ್ನೊಂದಕ್ಕೆ ತಲುಪಿದೆ ಅಂತ ಸೀಲು ಹೊಡೆದು, ಸಹಿ ಹಾಕಿ ಕೊಡಿ."

"ನಕಲಿಗೆ ಸೀಲು ಹೊಡೆಯೋ ಪದ್ಧತಿ ಇಲ್ಲಮ್ಮ."

"ಇವತ್ತಿಂದ ಶುರು ಮಾಡಿ."

ಬಾಯಿಮಾತಿನಲ್ಲಿ ಕೇಳಿದಷ್ಟು ದಿನವೂ ಸಿಗದಿದ್ದ ಫೈಲು ಸೀಲು ಬಿದ್ದ ಕೂಡಲೇ ಸಿಕ್ಕಿತು. ಎಲ್ಲಿತ್ತು ಅಂತೀರಿ? ಅಧಿಕಾರಿಯ ಬೆನ್ನ ಹಿಂದಿನ ಕಪಾಟಿನಲ್ಲಿ, ಅವನು ಕುರ್ಚಿ ತಿರುಗಿಸಿದರೆ ಕೈಗೆಟುಕುವಲ್ಲಿ. ಸೀಲು ಹೊಡೆದವನು ಮುಂದೆ ಉತ್ತರ ಹೇಳಬೇಕಾಗುತ್ತದೆ ಎನ್ನುವುದು ಆ ಕುರ್ಚಿಗೂ ಗೊತ್ತಿತ್ತೋ ಏನೋ, ಚೂರೂ ಕಿರುಗುಟ್ಟದೆ ತಿರುಗಿತಂತೆ.

ಕಾಗದದ ಕಟ್ಟು ಅಂಗಡಿಯ ಕೌಂಟರಿನ ಮೇಲೆ ಬಿಚ್ಚಿಕೊಂಡಾಗ ನಾನೂ ಅಲ್ಲಿದ್ದೆ, ಮೂರನೇ ಸಲದ ಪರೀಕ್ಷೆಗೆ ಅರ್ಜಿ ತುಂಬುತ್ತ. "ಓದಿ" ಎಂದರು ಅಕ್ಕ ಗಂಡನಿಗೆ. "ಎಲ್ಲ ಓದಿ. ಜೋರಾಗಿ ಓದಿ."

ಪ್ರತಿ ಹಾಳೆಯ ಮೇಲೂ ಅಕ್ಕನ ಹೆಸರಿನ ಚೀಟಿ ಅಂಟಿಸಿತ್ತು. ಭಾವ ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದರು. "ಗಂಡಸು."

"ಏನು?"

"ಗಂಡಸು ಅಂತಿದೆ. ವಯಸ್ಸು ಅರವತ್ತು ದಾಟಿದೆ. ದಿನಕ್ಕೆ ಎರಡು ಪ್ಯಾಕ್ ಸಿಗರೇಟು. ಕೆಲಸ, ಬ್ಯಾಂಡಿನಲ್ಲಿ ತುತ್ತೂರಿ ಊದುವುದು. ಪಿತ್ತಕೋಶ ತೆಗೆಯಲಾಗಿದೆ. ಪ್ರಾಸ್ಟೇಟ್ ಸ್ವಲ್ಪ ದಪ್ಪ ಆಗಿದೆ." ಭಾವ ತಲೆಯೆತ್ತಿದರು. "ಪ್ರಾಸ್ಟೇಟ್ ಅಂದ್ರೇನೇ?"

"ನಿಮಗಿರೋದು ರೀ. ನನಗಿಲ್ಲದ್ದು."

ನನಗೆ ನಗು ತಡೆಯಲಾಗಲಿಲ್ಲ. ಭಾವನೂ ನಕ್ಕರು. ಅಕ್ಕ ನಗಲಿಲ್ಲ.

"ಅವತ್ತು ನಮ್ಮ ಕೈಗೆ ಕೊಟ್ಟದ್ದೂ ಇದೇ ಕಾಗದ ಇರ್ಬೇಕು" ಎಂದರು ನಿಧಾನವಾಗಿ. "ಮೊದಲನೇ ಪದ ಓದಿದ್ರೂ ಸಾಕಿತ್ತು. ನೀವು ಓದಲಿಲ್ಲ. ಸರಿ, ನಾನೇನು ಮಾಡಿದೆ? ಹೊಲಿಗೆ ಬಿಚ್ಚೋಕೆ ಯಾವತ್ತು ಬರ್ಬೇಕು ಅಂತ ನೋಡಿ ಮುಚ್ಚಿಟ್ಟೆ."

ಎಂದೂ ಯಾರಿಗೂ ಸೋಲದ ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತು ಹಾಳೆಗಳನ್ನು ಮತ್ತೆ ತಿರುವಿದರು. ಆಮೇಲೆ ಹೇಳಿದರು: "ಹಾಗಾದ್ರೆ ಆ ತುತ್ತೂರಿಯವರಿಗೆ ಅಪೆಂಡಿಕ್ಸ್ ತೆಗೆದಿದೆ ಅಂತ ಬರೆದಿರ್ತಾರೆ. ನಾಳೆ ಅವರಿಗೆ ಅದೇ ನೋವು ಬಂದ್ರೆ ಯಾರು ನಂಬ್ತಾರೆ?"

ಆಸ್ಪತ್ರೆಯನ್ನು ಕೇಳಿದರೆ ಮತ್ತೆ ಗುಟ್ಟಿನ ಪಾಠ ಶುರುವಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲ ಹಾಳೆಗಳೂ ನಕಲಲ್ಲ. ನೆಲಮಾಳಿಗೆಯವನು ಗಡಿಬಿಡಿಯಲ್ಲಿ ಒಂದೆರಡು ಅಸಲನ್ನೂ ಸೇರಿಸಿ ಕೊಟ್ಟಿದ್ದ. ಅವುಗಳಲ್ಲಿ ಒಂದರ ಮೇಲೆ ಅಕ್ಕನ ಹೆಸರಿನ ಚೀಟಿ ಸ್ವಲ್ಪ ಓರೆಯಾಗಿತ್ತು. ಅಡಿಯಲ್ಲಿ ಇನ್ನೊಂದು ಚೀಟಿಯ ಅಂಚು ಇಣುಕುತ್ತಿತ್ತು. ಭಾವ ಆ ಹಾಳೆಯನ್ನು ಮೆಷಿನ್ನಿನ ಬಿಸಿ ಮುಚ್ಚಳದ ಮೇಲೆ ಹರಡಿದರು. ಅಂಟು ಮೆತ್ತಗಾದ ಮೇಲೆ ಉಗುರಿನಿಂದ ಮೇಲಿನ ಚೀಟಿ ಎಬ್ಬಿಸಿದರು. ಕೆಳಗೆ ಒಬ್ಬ ಗಂಡಸಿನ ಹೆಸರು, ಫೋನ್ ನಂಬರು.

ತುತ್ತೂರಿಯವರು ಫೋನೆತ್ತಿದಾಗ, ಮದುವೆಗೆ ಬ್ಯಾಂಡು ಕೇಳಲು ಯಾರೋ ಮಾಡಿದ್ದಾರೆ ಎಂದುಕೊಂಡರಂತೆ. "ತಾರೀಕು ಹೇಳಿಬಿಡಿ" ಎಂದರು. "ತಾರೀಕಲ್ಲ, ನಿಮ್ಮ ಪಿತ್ತಕೋಶದ ವಿಷಯ" ಎಂದಾಗ, "ಅದನ್ನ ತೆಗೆಸಿ ವರ್ಷಗಳೇ ಆದವಲ್ಲ!" ಎಂದರು.

ಅವರ ಮನೆಗೆ ಅಕ್ಕ, ಭಾವ ಹೋದರು. ಕಾರು ಓಡಿಸಲು ನಾನು. ಕಿರಿದಾದ ಬೀದಿಯ ಕೊನೆಯ ಮನೆ. ಹಜಾರದ ಗೋಡೆಗೆ ಹಿತ್ತಾಳೆಯ ವಾದ್ಯಗಳು ನೇತುಹಾಕಿದ್ದವು. ತುತ್ತೂರಿಯವರ ಹೆಂಡತಿ ವಿಷಯ ಕೇಳಿದ್ದೇ ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಫೈಲು ತಂದರು. ನೀಲಿ ಬಣ್ಣದ್ದೇ. ಒಂದೊಂದು ಹಾಳೆಗೂ ಪ್ಲಾಸ್ಟಿಕ್ ಹೊದಿಸಿ, ಕ್ರಮವಾಗಿ ಜೋಡಿಸಿದ್ದರು. ಭಾವ ಅದನ್ನು ನೋಡಿ ನಾಚಿಕೆಯಿಂದ ನೆಲ ನೋಡಿದರು.

ಅಕ್ಕ ಮೊದಲ ಹಾಳೆ ತೆರೆದರು. "ಇಲ್ಲಿ ಹೆಂಗಸು ಅಂತಿದೆಯಲ್ಲ. ನೋಡಲಿಲ್ವಾ ನೀವು?"

"ನೋಡಿದ್ದೆ ತಾಯಿ" ಎಂದರು ತುತ್ತೂರಿಯವರು. "ಅವತ್ತು ಹಾಸಿಗೆ ಖಾಲಿ ಇಲ್ಲ ಅಂತ ಯಾವುದೋ ವಾರ್ಡಿಗೆ ಹಾಕಿದ್ರು. ವಾರ್ಡಿನ ಹೆಸರು ಅಂದ್ಕೊಂಡೆ."

"ಹೆರಿಗೆ ಎರಡು, ಎರಡೂ ಸುಸೂತ್ರ ಅಂತಿದೆ?"

"ಅದು ನನ್ನದು ಅಂದ್ಕೊಂಡೆ" ಎಂದರು ಹೆಂಡತಿ. "ಮನೆಯವರ ವಿಚಾರಾನೂ ಬರ್ಕೊಳ್ತಾರೇನೋ, ದೊಡ್ಡ ಆಸ್ಪತ್ರೆ ಅಲ್ವಾ ಅಂತ. ನನಗೂ ಎರಡೇ ಮಕ್ಕಳು."

ಈ ಸಲ ಅಕ್ಕನೂ ನಕ್ಕರು, ಹೊಟ್ಟೆ ಹಿಡಿದುಕೊಂಡು, ನೋವಾದರೂ ಬಿಡದೆ. ನಗುತ್ತಲೇ ಹಾಳೆ ತಿರುವುತ್ತಿದ್ದವರು ಒಂದು ಕಡೆ ನಿಂತುಬಿಟ್ಟರು. ಅಲ್ಲಿ ಕೆಂಪು ಶಾಯಿಯಲ್ಲಿ, ಕೆಳಗೆ ಗೆರೆ ಎಳೆದು ಬರೆದಿತ್ತು: ಆಪರೇಷನ್ ದಿನ ಕೊಟ್ಟ ಒಂದು ಇಂಜೆಕ್ಷನ್ನಿಗೆ ರೋಗಿಯ ಮೈಯೆಲ್ಲ ದದ್ದು ಎದ್ದು ಉಸಿರಾಟಕ್ಕೆ ತೊಂದರೆಯಾಯಿತು, ಈ ಔಷಧಿಯನ್ನು ಮುಂದೆ ಎಂದೂ ಕೊಡಬಾರದು.

"ನನಗೆ ಯಾರೂ ಹೇಳಲೇ ಇಲ್ಲ" ಎಂದರು ಅಕ್ಕ. ದನಿ ಇಳಿದಿತ್ತು. ಆ ಎಚ್ಚರಿಕೆ ಇಷ್ಟು ವರ್ಷ ಅಪರಿಚಿತರ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದ್ದು ಬೆಚ್ಚಗೆ ಮಲಗಿತ್ತು. ಅತ್ತ ತುತ್ತೂರಿಯವರು ಎದೆಯ ಸೋಂಕೆಂದು ಹೋದಾಗಲೆಲ್ಲ ಆಸ್ಪತ್ರೆಯವರು, "ನಿಮಗೆ ಈ ಔಷಧಿ ಆಗಿಬರಲ್ಲ" ಎಂದು ಹೇಳಿ ಕೆಲಸಕ್ಕೆ ಬಾರದ ಇನ್ನೊಂದನ್ನು ಕೊಟ್ಟು ಕಳಿಸುತ್ತಿದ್ದರಂತೆ. ಅವರ ಕೆಮ್ಮು ತಿಂಗಳುಗಟ್ಟಲೆ ಎಳೆದದ್ದಕ್ಕೆ ಕಾರಣ ಸಿಗರೇಟು ಒಂದೇ ಅಲ್ಲ, ಅಕ್ಕನ ದದ್ದೂ ಇತ್ತು.

ಮೇಜಿನ ಮೇಲೆ ಎರಡೂ ಕಟ್ಟುಗಳು ಮಾಲೀಕರನ್ನು ಬದಲಾಯಿಸಿದವು. ಅಲ್ಲಿಂದ ಎಲ್ಲರೂ ಒಟ್ಟಾಗಿ ಮ್ಯಾನೇಜರಮ್ಮನ ಕೋಣೆಗೆ ಹೋದರು. ಅಷ್ಟು ಕಾಗದ ಎದುರಿಗಿಟ್ಟರೂ ಅವರ ನಗು ಜಾಗ ಬಿಟ್ಟು ಕದಲಲಿಲ್ಲ. "ಬೆರಳಚ್ಚಿನ ಸಣ್ಣ ತಪ್ಪು" ಎಂದರು.

"ಗಂಡಸು ಹೆಂಗಸಾಗೋದು ಬೆರಳಚ್ಚಿನ ತಪ್ಪಾ?" ಎಂದರು ತುತ್ತೂರಿಯವರು.

"ಸರಿಪಡಿಸ್ತೀವಿ ಸರ್. ಆದ್ರೆ ನಮ್ಮ ಸಿಸ್ಟಮ್‌ನಲ್ಲಿ ಹಳೇದನ್ನ ಅಳಿಸೋಕಾಗಲ್ಲ, ಹೊಸದನ್ನ ಸೇರಿಸ್ಬಹುದು ಅಷ್ಟೆ."

ಸೇರಿಸಿದರು. ಆಸ್ಪತ್ರೆಯ ಚಿನ್ನದ ಬಣ್ಣದ ಲಾಂಛನವಿದ್ದ ದಪ್ಪ ಹಾಳೆಯಲ್ಲಿ ಅಕ್ಕನಿಗೆ ಬಂದ ತಿದ್ದುಪಡಿ ಪತ್ರದ ಒಕ್ಕಣೆ ಹೀಗಿತ್ತು: 'ಸದರಿ ರೋಗಿಯ ಪಿತ್ತಕೋಶವನ್ನು ತೆಗೆಯಲಾಗಿದೆ ಎಂಬುದನ್ನು ತೆಗೆಯಲಾಗಿದೆ.'

ವಿಮೆಯ ಕಚೇರಿಯ ಯುವಕ ಅದನ್ನು ಓದಿ ಹುಬ್ಬೇರಿಸಿದ. "ಮೇಡಂ, ಇದರ ಪ್ರಕಾರ ಎರಡು ಸಲ ತೆಗೆದಿದ್ದಾರಲ್ಲ."

ಅಕ್ಕ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ತುತ್ತೂರಿಯವರು ಎದ್ದು ನಿಂತು, ಅಂಗಿಯ ಗುಂಡಿ ಬಿಚ್ಚಿ, ಹೊಟ್ಟೆಯ ಮೇಲ್ಭಾಗದ ಗಾಯದ ಗುರುತನ್ನು ಯುವಕನ ಮೂಗಿನ ಹತ್ತಿರಕ್ಕೆ ತಂದರು. "ಇದು ನೀವು ದುಡ್ಡು ಕೊಟ್ಟ ಆಪರೇಷನ್ನು. ನೋಡ್ಕೊಳ್ಳಿ. ಬೇಕಿದ್ರೆ ಮುಟ್ಟಿ ನೋಡ್ಕೊಳ್ಳಿ." ಬ್ಯಾಂಡಿನಲ್ಲಿ ಊದಿ ಊದಿ ಬೆಳೆದ ಗಂಟಲು; ಕಚೇರಿಯವರೆಲ್ಲ ತಿರುಗಿ ನೋಡಿದರು. ಒಳಗಿನ ಕೋಣೆಯಿಂದ ಹಿರಿಯ ಅಧಿಕಾರಿ ಓಡಿ ಬಂದರು. ಎರಡೂ ಕಟ್ಟುಗಳನ್ನು ಪಕ್ಕಪಕ್ಕ ಇಟ್ಟು ಓದಿದ ಮೊದಲ ಮನುಷ್ಯ ಬಹುಶಃ ಅವರೇ. ಅಂಗಿ ಹಾಕಿಕೊಳ್ಳಿ ಎಂದು ಬೇಡಿಕೊಳ್ಳುತ್ತಲೇ ಒಪ್ಪಿಗೆಯ ಸಹಿ ಹಾಕಿದರು.

ಆಪರೇಷನ್ನಿಗೆ ಮೊದಲು ಅಕ್ಕ ಅಂಗಡಿಯ ಮೆಷಿನ್ ಪಕ್ಕ ತಾವೇ ನಿಂತು ಭಾವನಿಂದ ಎಲ್ಲದರ ನಕಲು ತೆಗೆಸಿದರು. ಗಿರಾಕಿಗಳು ಬಂದರೆ, "ಆಮೇಲೆ ಬನ್ನಿ, ಮನೆ ಕೆಲಸ ನಡೀತಿದೆ" ಎಂದು ಕಳಿಸಿದರು. ಒಂದು ಕಟ್ಟು ಮನೆಯ ಬೀರುವಿಗೆ, ಒಂದು ಡಾಕ್ಟರಮ್ಮನ ಕೈಗೆ, ಫೋಟೋಗಳು ಫೋನಿಗೆ. ಇನ್ನೊಂದು ಕಟ್ಟನ್ನು ತುತ್ತೂರಿಯವರ ಹೆಂಡತಿಗೆ ಕೊಟ್ಟರು. "ನಮ್ಮೆರಡೂ ಮನೇಲಿ ಕಾಗದ ಇಟ್ಕೊಳ್ಳೋಕೆ ಬರೋದು ಅವರೊಬ್ಬರಿಗೇ" ಎಂದರು. ಅತ್ತೆಯ ಮಂಡಿಯ ಕಾಗದಗಳಿಗೂ ಅದೇ ಗತಿಯಾಯಿತು. ಅತ್ತೆ ಗೊಣಗಿದರು, ಆದರೆ ತಮ್ಮ ಫೈಲು ಸೊಸೆಯದಕ್ಕಿಂತ ದಪ್ಪ ಇದೆಯೆಂದು ತಿಳಿದ ಮೇಲೆ ಬಂದವರಿಗೆಲ್ಲ ತೋರಿಸತೊಡಗಿದರು.

ಡಾಕ್ಟರಮ್ಮ ಹೇಳಿದ ಬೇರೊಂದು ಆಸ್ಪತ್ರೆಯಲ್ಲಿ ಪಿತ್ತಕೋಶ ಹೊರಬಂತು. ಕೆಂಪು ಶಾಯಿಯ ಆ ಔಷಧಿ ಕೊಡಲಿಲ್ಲ. ಮನೆಗೆ ಹೊರಡುವ ದಿನ ನಾನು ಕಾರು ತೆಗೆದುಕೊಂಡು ಹೋಗಿದ್ದೆ, ಅಷ್ಟರಲ್ಲಿ ನನಗೆ ಲೈಸೆನ್ಸೂ ಸಿಕ್ಕಿತ್ತು. ನರ್ಸು ಫೈಲು ತಂದು, "ಇಲ್ಲೊಂದು ಸೈನ್ ಮಾಡಿಬಿಡಿ ಮೇಡಂ" ಎಂದಳು. ಅಕ್ಕ ಕನ್ನಡಕ ಹಾಕಿಕೊಂಡು, ದಿಂಬಿಗೆ ಒರಗಿ, ಮೊದಲ ಪುಟದಿಂದ ಓದತೊಡಗಿದರು. ಭಾವ ಚೀಲ ಹಿಡಿದು ನಿಂತೇ ಇದ್ದರು. ನರ್ಸು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು.

"ಇಲ್ಲಿ ಕೆಲಸ ಗೃಹಿಣಿ ಅಂತ ಬರೆದಿದ್ದೀರಿ. ಡ್ರೈವಿಂಗ್ ಕಲಿಸೋದು ನನ್ನ ಕೆಲಸ. ತಿದ್ದಿ."

"ಅದರಿಂದ ಏನಾಗುತ್ತೆ ಮೇಡಂ?"

"ಇವತ್ತು ಏನೂ ಆಗಲ್ಲ. ತಿದ್ದಿ."

ನರ್ಸು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದಳು. ಪಕ್ಕದ ಹಾಸಿಗೆಯಲ್ಲಿ ಕಾಲೇಜು ಓದುವ ಒಬ್ಬ ಹುಡುಗಿ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದಳು. ಇದನ್ನೆಲ್ಲ ನೋಡುತ್ತಿದ್ದವಳು ತನ್ನ ದಿಂಬಿನಡಿಯ ಫೈಲು ಎಳೆದು ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ದನಿ ವಾರ್ಡಿಗೆಲ್ಲ ಕೇಳಿಸಿತು:

"ಸಿಸ್ಟರ್, ನನಗೆ ಮದುವೆ ಯಾವಾಗ ಆಯ್ತು?"